ಪದವಿ ಕೈಗೆ ಬಂದ ಮೇಲಿನ ಮೊದಲ ವರ್ಷ: ಹೊಸ ಶಿಕ್ಷಕರ ತರಗತಿ ಕೆಲಸ ಮತ್ತು ನಮ್ಮ ಜವಾಬ್ದಾರಿ



ಬಾಗೂರಿನಲ್ಲಿ ನಡೆದ ನಮ್ಮ ವಾರ್ಷಿಕ ಸಭೆಯಲ್ಲಿ ದಾನಿಗಳೊಬ್ಬರು ಎದ್ದು ನಿಂತು ಒಂದು ಮಾತು ಕೇಳಿದರು. "ಎರಡು ವರ್ಷ ಒಂದು ಹುಡುಗಿಗೆ ಬಿ.ಇಡಿ. ಫೀಸು ಕಟ್ಟಿದೆವು. ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ನಮ್ಮ ಹಣ ಎಲ್ಲಿಗೆ ಹೋಯಿತು?" ಮಾತು ಕಟುವಾಗಿತ್ತು, ಆದರೆ ನ್ಯಾಯವಾದದ್ದು. ಅಂದು ನಮ್ಮಲ್ಲಿ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಶಿಕ್ಷಣ ಸಮಿತಿಯ ಪರವಾಗಿ ಬರೆಯುತ್ತಿರುವ ಈ ಲೇಖನ ಆ ಪ್ರಶ್ನೆಗೆ ಉತ್ತರ.

ಸಭೆಯ ನಂತರ ನಾವು ಆ ಹುಡುಗಿಯ ಮನೆಗೆ ಹೋಗಿ ಅವಳ ತಂದೆ-ತಾಯಿಯ ಎದುರಿಗೇ ಮಾತನಾಡಿದೆವು. ಅವಳ ಹೆಸರನ್ನೂ ಶಾಲೆಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅವಳು ಹೇಳಿದ್ದು ಇಷ್ಟು: ಮೊದಲ ದಿನವೇ ಎರಡು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ಒಂದು ಗುಂಪಿಗೆ ಪಾಠ ಹೇಳುವಷ್ಟರಲ್ಲಿ ಇನ್ನೊಂದು ಗುಂಪು ಗದ್ದಲ. ಕೂಗಿ ಕೂಗಿ ಮೂರನೇ ವಾರಕ್ಕೆ ಗಂಟಲು ಕಟ್ಟಿತು. ಕೋಲು ಹಿಡಿಯಲು ಮನಸ್ಸು ಬರಲಿಲ್ಲ, ಬೇರೆ ದಾರಿ ಗೊತ್ತಿರಲಿಲ್ಲ. ದಸರಾ ರಜೆಗೆ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಕೊನೆಗೆ ಅವಳು ಹೇಳಿದ ಒಂದು ಮಾತು ನಮ್ಮನ್ನು ತಲೆ ತಗ್ಗಿಸುವಂತೆ ಮಾಡಿತು: "ಪ್ರತಿ ಸೆಮಿಸ್ಟರಿಗೂ ನನ್ನ ಮಾರ್ಕ್ಸ್‌ಕಾರ್ಡ್ ಕೇಳುತ್ತಿದ್ದಿರಿ. ಕೆಲಸಕ್ಕೆ ಸೇರಿದ ಮೇಲೆ ಹೇಗಿದ್ದೀಯಮ್ಮ ಅಂತ ಒಬ್ಬರೂ ಕೇಳಲಿಲ್ಲ."

ತಪ್ಪು ಅವಳದ್ದಲ್ಲ, ದಾನಿಗಳ ಹಣದ್ದೂ ಅಲ್ಲ. ಪದವಿ ಕೈಗೆ ಬಂದ ದಿನವೇ ನಮ್ಮ ಕೆಲಸ ಮುಗಿಯಿತೆಂದು ನಾವು ತಿಳಿದದ್ದು ತಪ್ಪು.

ತರಬೇತಿ ಏನು ಕೊಡುತ್ತದೆ, ಏನು ಉಳಿಯುತ್ತದೆ

ಪಿ.ಯು.ಸಿ. ನಂತರ ಡಿ.ಇಎಲ್.ಇಡಿ. ಎರಡು ವರ್ಷ. ಹಿಂದೆ ಇದನ್ನೇ ಟಿ.ಸಿ.ಹೆಚ್., ಡಿ.ಇಡಿ. ಎನ್ನುತ್ತಿದ್ದರು. ಪದವಿಯ ನಂತರದ ಬಿ.ಇಡಿ. 2015ರಿಂದ ಎರಡು ವರ್ಷದ್ದಾಗಿದೆ. ಅದರಲ್ಲಿ 20 ವಾರಗಳ ಶಾಲಾ ಅನುಭವ ಇರಬೇಕೆಂಬ ನಿಯಮವೂ ಇದೆ. ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ. ಒಂದರಿಂದ ಐದನೇ ತರಗತಿಗೆ ಪತ್ರಿಕೆ 1, ಆರರಿಂದ ಎಂಟಕ್ಕೆ ಪತ್ರಿಕೆ 2. ಎರಡೂ 150 ಅಂಕದ್ದು, ಸಾಮಾನ್ಯವಾಗಿ ಪಾಸಾಗಲು ಶೇ. 60 ಬೇಕು.

ಇವೆಲ್ಲ ಬೇಕಾದವೇ. ಆದರೆ ಟಿ.ಇ.ಟಿ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ. ಮಕ್ಕಳು ತುಂಬಿದ ಕೋಣೆಯಲ್ಲಿ ನಿಂತು ಮಾತನಾಡಲು ಬರುತ್ತದೆಯೇ, ಬೋರ್ಡಿನ ಮೇಲಿನ ಅಕ್ಷರ ಕೊನೆಯ ಸಾಲಿಗೆ ಕಾಣುತ್ತದೆಯೇ ಎಂಬುದನ್ನು ಅದು ನೋಡುವುದಿಲ್ಲ. ತರಬೇತಿ ಕಾಲದ ಪಾಠ ಅಭ್ಯಾಸವೂ ಹೆಚ್ಚಾಗಿ ಬೇರೆಯವರ ತರಗತಿಯಲ್ಲಿ ನಡೆಯುತ್ತದೆ. ಅಲ್ಲಿ ಶಿಸ್ತನ್ನು ಆ ಶಾಲೆಯ ಶಿಕ್ಷಕರು ಮೊದಲೇ ಕಟ್ಟಿರುತ್ತಾರೆ. ತನ್ನದೇ ತರಗತಿಯನ್ನು ಜೂನ್ ತಿಂಗಳಲ್ಲಿ ಸೊನ್ನೆಯಿಂದ ಕಟ್ಟುವುದು ಬೇರೆಯೇ ಕೆಲಸ.

ಇದು ಹೊಸ ಕಷ್ಟವೂ ಅಲ್ಲ. ಗುಜರಾತಿನ ಶಿಕ್ಷಣ ತಜ್ಞ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಎಂಬ ಪುಸ್ತಕದ ಶಿಕ್ಷಕ ಬಹಳ ತಯಾರಿ ಮಾಡಿಕೊಂಡು ತರಗತಿಗೆ ಹೋಗುತ್ತಾನೆ, ಮೊದಲ ದಿನವೇ ಸೋಲುತ್ತಾನೆ. ಮರುದಿನ ಕಥೆ ಹೇಳಲು ಆರಂಭಿಸಿ ಮಕ್ಕಳನ್ನು ಗೆಲ್ಲುತ್ತಾನೆ. ಸೋತ ಮರುದಿನ ಹೋಗುವ ಧೈರ್ಯ ಎಲ್ಲರಿಗೂ ಒಂಟಿಯಾಗಿ ಬರುವುದಿಲ್ಲ. ಆಗ ಜೊತೆಗೆ ಒಬ್ಬರು ಬೇಕು.

ಕಲಿಯಬಹುದಾದ ಸಣ್ಣ ಕೆಲಸಗಳು

ಪಾಠ ಮಾಡುವುದು ಹುಟ್ಟಿನಿಂದ ಬರುವ ಗುಣ ಎಂದು ಹಲವರು ತಿಳಿದಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದ ನನ್ನ ಅನುಭವ ಬೇರೆ. ಅದರ ದೊಡ್ಡ ಭಾಗ ಹೊಲಿಗೆಯಂತೆ, ಮರಗೆಲಸದಂತೆ ನೋಡಿ, ಮಾಡಿ ಕಲಿಯುವ ಕೆಲಸ.

ಮೊದಲನೆಯದು ದಿನದ ಕ್ರಮ. ಒಳಗೆ ಬಂದು ಚೀಲ ಎಲ್ಲಿಡಬೇಕು, ಪುಸ್ತಕ ಯಾರು ಹಂಚಬೇಕು, ನೀರಿಗೆ ಹೋಗಲು ಹೇಗೆ ಕೇಳಬೇಕು, ಕೆಲಸ ಬೇಗ ಮುಗಿಸಿದವರು ಏನು ಮಾಡಬೇಕು: ಇವನ್ನು ಮೊದಲ ಎರಡು ವಾರ ಪಾಠದಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಹಾಜರಿ ಕರೆಯುವಾಗ ಮಕ್ಕಳಿಗೆ ಕೆಲಸವಿಲ್ಲದಿದ್ದರೆ ಗದ್ದಲ ಅಲ್ಲೇ ಹುಟ್ಟುತ್ತದೆ. ಬೋರ್ಡಿನ ಮೇಲೆ ಮೊದಲೇ ಎರಡು ಲೆಕ್ಕ ಬರೆದಿಟ್ಟರೆ ಹಾಜರಿ ಮುಗಿಯುವಷ್ಟರಲ್ಲಿ ತರಗತಿ ಕೆಲಸಕ್ಕೆ ಕೂತಿರುತ್ತದೆ.

ಎರಡನೆಯದು ದನಿ ಮತ್ತು ಬೋರ್ಡು. ಗದ್ದಲದ ಮೇಲೆ ಕೂಗಿದರೆ ಮಕ್ಕಳು ಇನ್ನೂ ಜೋರಾಗುತ್ತಾರೆ. ಚಪ್ಪಾಳೆಯ ಒಂದು ತಾಳವನ್ನೋ ಎತ್ತಿದ ಕೈಯನ್ನೋ ಗುರುತಾಗಿ ಕಲಿಸಿ, ಸುಮ್ಮನಾಗುವವರೆಗೆ ಕಾದು, ಸಣ್ಣ ದನಿಯಲ್ಲಿ ಆರಂಭಿಸಬೇಕು. ಬೋರ್ಡನ್ನು ಮೂರು ಭಾಗ ಮಾಡಿಕೊಳ್ಳಬೇಕು: ಎಡಕ್ಕೆ ದಿನಾಂಕ ಮತ್ತು ಹೊಸ ಪದಗಳು, ನಡುವೆ ಪಾಠ, ಬಲಕ್ಕೆ ಬಿಡಿಸಿ ಅಳಿಸುವ ಲೆಕ್ಕ. ಬರೆದ ಮೇಲೆ ಒಮ್ಮೆ ಕೊನೆಯ ಸಾಲಿನಲ್ಲಿ ಕೂತು ಓದಿ ನೋಡಬೇಕು. ಕಿಟಕಿಯ ಬೆಳಕು ಬಿದ್ದು ಒಂದು ಮೂಲೆ ಪೂರ್ತಿ ಕಾಣದಿರುವುದು ಶಿಕ್ಷಕರಿಗೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

ಮೂರನೆಯದು ಪ್ರಶ್ನೆ ಕೇಳುವ ರೀತಿ. ಹೊಸ ಶಿಕ್ಷಕರು ಮಗುವಿನ ಹೆಸರು ಕರೆದು ಆಮೇಲೆ ಪ್ರಶ್ನೆ ಕೇಳುತ್ತಾರೆ. ಹೆಸರು ಕೇಳಿದ ಕೂಡಲೇ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು: ಇದು ಸರಿಯಾದ ಕ್ರಮ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂದು ತೋರಿಸಿದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ ಎಂಬುದೂ ಅವರಿಗೆ ಕಂಡಿತು. ಮೂರು ಸೆಕೆಂಡು ಕಾಯಲು ಖರ್ಚೇನೂ ಇಲ್ಲ, ಅಭ್ಯಾಸ ಬೇಕು.

ನಾಲ್ಕನೆಯದು ತಿಳಿಯಿತೇ ಎಂದು ನೋಡುವುದು. "ಅರ್ಥವಾಯಿತಾ?" ಎಂದರೆ ಎಲ್ಲರೂ "ಆಯ್ತು ಮಿಸ್" ಎನ್ನುತ್ತಾರೆ. ಪ್ರತಿ ಮಗುವಿಗೂ ಒಂದು ಸ್ಲೇಟು ಕೊಟ್ಟು, ಉತ್ತರ ಬರೆದು ಒಟ್ಟಿಗೆ ಎತ್ತಿ ತೋರಿಸಿ ಎಂದರೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದು ಅರೆ ನಿಮಿಷದಲ್ಲಿ ಕಾಣುತ್ತದೆ.

ಐದನೆಯದು ಒಂದೇ ಕೋಣೆಯಲ್ಲಿ ಹಲವು ತರಗತಿ. ನಮ್ಮ ತಾಲ್ಲೂಕಿನ ಸಣ್ಣ ಹಳ್ಳಿಗಳಲ್ಲಿ ಇದು ತಪ್ಪಿದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009 ಪ್ರಾಥಮಿಕ ಹಂತಕ್ಕೆ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಲೆಕ್ಕ ಕೊಟ್ಟಿದೆ. ಹೀಗಾಗಿ ಮಕ್ಕಳು ಕಡಿಮೆ ಇರುವ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರೇ ಎಲ್ಲ ತರಗತಿ ನೋಡಬೇಕಾಗುತ್ತದೆ. ಇದಕ್ಕೆ ಕರ್ನಾಟಕದಲ್ಲೇ ಹುಟ್ಟಿದ ಉಪಾಯವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪದ್ಧತಿ ನೋಡಿ ಬಂದು ರೂಪಿಸಿದ 'ನಲಿ-ಕಲಿ' 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ಗುಂಪು ತಟ್ಟೆಗಳ ಸುತ್ತ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಒಂದಕ್ಕೆ ಸ್ವಲ್ಪ ನೆರವು, ಒಂದರಲ್ಲಿ ಜೊತೆಯ ಮಕ್ಕಳೇ ನೆರವು, ಇನ್ನೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗು ಎಲ್ಲಿದೆ ಎಂಬುದು ಗೋಡೆಯ ಮೇಲೇ ಕಾಣುತ್ತದೆ. ಇದರ ತಿರುಳು ಯಾವ ಶಾಲೆಗೂ ಒದಗುತ್ತದೆ: ಶಿಕ್ಷಕಿ ಒಂದು ಗುಂಪಿನ ಜೊತೆ ಕೂರುವ ಮೊದಲು ಉಳಿದವರ ಕೈಯಲ್ಲಿ ತಾವೇ ಮಾಡಬಲ್ಲ ಕೆಲಸ ಇರಬೇಕು. ನಮ್ಮ ಹುಡುಗಿಗೆ ಮೊದಲ ವಾರವೇ ಇದೊಂದನ್ನು ಯಾರಾದರೂ ಮಾಡಿ ತೋರಿಸಿದ್ದರೆ ಅವಳ ಗಂಟಲು ಉಳಿಯುತ್ತಿತ್ತು.

ಆರನೆಯದು ಕೋಲಿಲ್ಲದ ಶಿಸ್ತು. ಅದೇ ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೋಲು ಬಿಡಿ ಎಂದರೆ ಸಾಲದು, ಬದಲಿಗೆ ಏನು ಎಂದು ಹೇಳಿಕೊಡಬೇಕು: ತಪ್ಪು ಮಾಡುವ ಮಗುವಿನ ಹತ್ತಿರ ಹೋಗಿ ನಿಲ್ಲುವುದು, ಹೆಸರು ಹಿಡಿದು ಮೆಲ್ಲಗೆ ಹೇಳುವುದು, ಎಲ್ಲರೆದುರು ಬೈಯದೆ ಬಿಡುವಿನಲ್ಲಿ ಮಾತನಾಡುವುದು, ಒಳ್ಳೆಯದು ಮಾಡಿದಾಗ ಏನು ಒಳ್ಳೆಯದೆಂದು ಬಿಡಿಸಿ ಹೇಳುವುದು.

ಮನೆಮಾತು ದಖ್ನಿ, ಪಾಠ ಕನ್ನಡ

ಇದನ್ನು ಬೇರೆಯಾಗಿ ಬರೆಯಲು ಕಾರಣವಿದೆ. ನಮ್ಮ ಬಹುಪಾಲು ಮಕ್ಕಳು ಮನೆಯಲ್ಲಿ ದಖ್ನಿ ಉರ್ದು ಆಡಿ, ಬೆಳಿಗ್ಗೆ ಮದರಸಾದಲ್ಲಿ ಅರಬ್ಬಿ ಓದಿ, ಹತ್ತು ಗಂಟೆಗೆ ಕನ್ನಡ ಶಾಲೆಯಲ್ಲಿ ಕೂರುತ್ತಾರೆ. ಒಂದೇ ದಿನ ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಓದುತ್ತಾರೆ. ಇದು ದಡ್ಡತನವಲ್ಲ, ದುಪ್ಪಟ್ಟು ಕೆಲಸ. ಇದನ್ನು ತಿಳಿಯದ ಶಿಕ್ಷಕರು ಮಗುವನ್ನು "ಕನ್ನಡ ಬರದವನು" ಎಂದು ಹಿಂದಿನ ಸಾಲಿಗೆ ಕಳಿಸಿಬಿಡುತ್ತಾರೆ.

ಎಲ್ಲಿ ಎಡವುತ್ತಾರೆ ಎಂಬುದು ಮೊದಲೇ ಗೊತ್ತಿದ್ದರೆ ಕಲಿಸುವುದು ಸುಲಭ. ಉರ್ದುವಿನಲ್ಲಿ 'ಳ', 'ಣ' ಇಲ್ಲ. ಆದ್ದರಿಂದ ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಹಣ ಹನವಾಗುತ್ತದೆ. ಇಂಥ ಜೋಡಿ ಪದಗಳ ಚಿತ್ರ ತೋರಿಸಿ ಆಟದಂತೆ ಅಭ್ಯಾಸ ಮಾಡಿಸಬೇಕು. ಬರಹದಲ್ಲಿ ತಪ್ಪು ಬಂದಾಗ ಅದು ಕಿವಿಯ ತಪ್ಪೆಂದು ತಿಳಿದು ಮೊದಲು ಕೇಳಿಸಬೇಕು, ಆಮೇಲೆ ಬರೆಸಬೇಕು. ಉರ್ದುವಿನಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಕನ್ನಡದ ನಪುಂಸಕ ಲಿಂಗ ಮಗುವಿಗೆ ಹೊಸದು. 'ಬಸ್ಸು ಬಂತು' ಎನ್ನುವ ಕಡೆ 'ಬಸ್ಸು ಬಂದ' ಎಂದರೆ ನಗಬಾರದು, ಸರಿಯಾದ ಮಾತನ್ನು ತಾನೇ ಒಮ್ಮೆ ಹೇಳಿ ಮುಂದುವರಿಯಬೇಕು. ಇನ್ನೊಂದು ಕಡೆ ಖ, ಘ, ಧ, ಭ ಮುಂತಾದ ಮಹಾಪ್ರಾಣಗಳು ಈ ಮಕ್ಕಳ ಬಾಯಲ್ಲಿ ಸಲೀಸಾಗಿ ಬರುತ್ತವೆ. ಅಲ್ಲಿ ಇವರನ್ನೇ ಮುಂದೆ ನಿಲ್ಲಿಸಿ ಹೇಳಿಸಿದರೆ ಹಿಂದಿನ ಸಾಲಿನ ಮಗುವಿನ ಮುಖ ಅರಳುತ್ತದೆ.

ಲೆಕ್ಕದಲ್ಲೂ ಹಾಗೆಯೇ. ಕನ್ನಡದಲ್ಲಿ 32 ಎಂದರೆ ಮೂವತ್ತೆರಡು, ಹತ್ತರ ಸ್ಥಾನ ಮೊದಲು ಕೇಳುತ್ತದೆ. ಉರ್ದುವಿನ 'ಬತ್ತೀಸ್'ನಲ್ಲಿ ಎರಡು ಮೊದಲು, ಮೂವತ್ತು ಆಮೇಲೆ. 29ಕ್ಕೆ 'ಉಂತೀಸ್' ಎನ್ನುವಾಗ ಮೂವತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕವಿದೆ. ಮನೆಯಲ್ಲಿ ಹೀಗೆ ಎಣಿಸಿದ ಮಗು ಶಾಲೆಯಲ್ಲಿ ಅಂಕಿ ಹಿಂದುಮುಂದಾಗಿ ಬರೆದರೆ ಆಶ್ಚರ್ಯವಿಲ್ಲ. ಇದಕ್ಕೆ ನಮ್ಮ ಸೀಮೆಯಲ್ಲಿ ಹೇರಳವಾಗಿರುವ ತೆಂಗಿನ ಗರಿಯ ಕಡ್ಡಿ ಸಾಕು. ಹತ್ತು ಕಡ್ಡಿಯ ಮೂರು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಮುಂದಿಟ್ಟು ಕನ್ನಡದಲ್ಲೂ ದಖ್ನಿಯಲ್ಲೂ ಹೇಳಿಸಿದರೆ ಎರಡು ಹೆಸರಿನ ಸಂಖ್ಯೆ ಒಂದೇ ಎಂಬುದು ಕಣ್ಣಿಗೆ ಕಾಣುತ್ತದೆ. ಎರಡೂ ಭಾಷೆ ಬಲ್ಲ ನಮ್ಮ ಹುಡುಗ-ಹುಡುಗಿಯರು ಶಿಕ್ಷಕರಾಗಬೇಕೆಂದು ನಾವು ಹಂಬಲಿಸುವುದು ಇದಕ್ಕೇ. ಮಗು ತೊದಲುವಾಗ ಅದರ ಮನೆಮಾತಿನಲ್ಲಿ ಒಂದು ಮಾತು ಹೇಳಿ ಕನ್ನಡಕ್ಕೆ ಕೈಹಿಡಿದು ತರುವವರು ಬೇಕು. ಇಂಥ ಒಬ್ಬ ಶಿಕ್ಷಕಿ ಕೆಲಸ ಬಿಟ್ಟರೆ ನಷ್ಟ ಒಂದು ಫೀಸಿನದ್ದು ಮಾತ್ರವಲ್ಲ.

ಟ್ರಸ್ಟ್ ಇನ್ನು ಮುಂದೆ ಮಾಡಲಿರುವುದು

ನಮ್ಮ ವಿದ್ಯಾರ್ಥಿವೇತನದಿಂದ ಓದಿದವರಲ್ಲಿ ಹಲವರ ಮೊದಲ ಕೆಲಸ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಾಗಿ ಇಲ್ಲವೇ ಖಾಸಗಿ ಶಾಲೆಯಲ್ಲಿ. ಖಾಯಂ ಶಿಕ್ಷಕರಿಗೆ ಇಲಾಖೆಯ ತರಬೇತಿಗಳಿವೆ. ಚಿತ್ರದುರ್ಗದಲ್ಲಿ ಡಯಟ್, ತಾಲ್ಲೂಕಿಗೆ ಬಿ.ಆರ್.ಸಿ., ಕ್ಲಸ್ಟರಿಗೆ ಸಿ.ಆರ್.ಪಿ. ಇದ್ದಾರೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಇರಬೇಕೆಂದಿದೆ. ವರ್ಷದ ಮಟ್ಟಿಗೆ ಸೇರಿದವರಿಗೆ ಇದು ತಲುಪುವುದು ಕಷ್ಟ. ಆ ಜಾಗದಲ್ಲಿ ನಾವು ನಿಲ್ಲಬೇಕು. ಶಿಕ್ಷಣ ಸಮಿತಿ ಮೂರು ಕೆಲಸ ತೀರ್ಮಾನಿಸಿದೆ.

ಒಂದು, ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಒಬ್ಬ ಹಿರಿಯ ಶಿಕ್ಷಕರ ಜೊತೆ. ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಹಿರಿಯ ಶಿಕ್ಷಕಿಯರೇ. ಶಾಲೆಯ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಮೊದಲ ಅವಧಿಯಲ್ಲಿ ಮೂರು ಬಾರಿ ತರಗತಿಯ ಹಿಂದೆ ಕೂತು ನೋಡುತ್ತಾರೆ. ನೋಡಿದ ಮೇಲೆ ಒಂದು ಒಳ್ಳೆಯದು, ಬದಲಾಯಿಸಬೇಕಾದದ್ದು ಒಂದೇ ಒಂದು ಹೇಳುತ್ತಾರೆ. ಹತ್ತು ತಪ್ಪು ಪಟ್ಟಿ ಮಾಡಿದರೆ ಒಂದೂ ತಿದ್ದುವುದಿಲ್ಲ. ನೋಡಿದ್ದನ್ನು ಆಡಳಿತ ಮಂಡಳಿಗಾಗಲಿ ಟ್ರಸ್ಟಿಗಾಗಲಿ ವರದಿ ಮಾಡುವುದಿಲ್ಲ. ಈ ನಂಬಿಕೆ ಇಲ್ಲದಿದ್ದರೆ ಹೊಸಬರು ಕಷ್ಟವನ್ನು ಮುಚ್ಚಿಡುತ್ತಾರೆ.

ಎರಡು, ತಿಂಗಳಿಗೊಂದು ಭಾನುವಾರ ಸೇರುವುದು. ಭಾಷಣ ಇರುವುದಿಲ್ಲ. ಪ್ರತಿಯೊಬ್ಬರೂ ಆ ತಿಂಗಳು ಸೋತ ಒಂದು ಪಾಠ ಹೇಳಬೇಕು. ಉಳಿದವರು ತಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ಅಲ್ಲೇ ಬೋರ್ಡಿನ ಮುಂದೆ ಮಾಡಿ ತೋರಿಸಬೇಕು. ಎಲ್ಲ ಸಮುದಾಯದ ಹೊಸ ಶಿಕ್ಷಕರಿಗೂ ಇದಕ್ಕೆ ಸ್ವಾಗತ.

ಮೂರು, ತರಗತಿಗೆ ಒಂದು ಸಾಮಾನಿನ ಚೀಲ: ಸ್ಲೇಟುಗಳು, ಚಾಕ್‌ಪೀಸ್, ಡಸ್ಟರ್, ಪದಗಳ ಮಿಂಚುಪಟ್ಟಿ, ಕಡ್ಡಿಕಟ್ಟು, ಎಣಿಸಲು ಹುಣಸೆಬೀಜ.

ದಾನಿಗಳಿಗೆ ಲೆಕ್ಕದ ಮಾತು

ಜಕಾತ್ ಹಣದಿಂದ ಇದನ್ನು ಮಾಡಬಹುದೇ ಎಂದು ಕೆಲವರು ಕೇಳಿದ್ದಾರೆ. ಜಕಾತಿಗೆ ಅರ್ಹರಾದ ಎಂಟು ವರ್ಗದವರನ್ನು ಕುರ್‌ಆನ್ ಸೂರಾ ತೌಬಾದ 60ನೇ ಆಯತ್‌ನಲ್ಲಿ ನಿಗದಿ ಮಾಡಿದೆ. ನಮ್ಮ ಕಡೆ ಅನುಸರಿಸುವ ಹನಫಿ ಫಿಕ್ಹ್ ಪ್ರಕಾರ ಜಕಾತ್ ಅರ್ಹ ವ್ಯಕ್ತಿಯ ಸ್ವಂತದ್ದಾಗಬೇಕು. ಹೀಗಾಗಿ ಬಡ ವಿದ್ಯಾರ್ಥಿಯ ಕೈಗೆ ಕೊಡುವ ಫೀಸಿನ ಹಣ ಜಕಾತ್ ನಿಧಿಯಿಂದ ಹೋಗುತ್ತದೆ. ಹಿರಿಯ ಶಿಕ್ಷಕರ ಬಸ್ ಚಾರ್ಜು, ಭಾನುವಾರದ ಚಹಾ, ಸಾಮಾನಿನ ಚೀಲ, ಇವು ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ಮಾತ್ರ. ಎರಡು ಲೆಕ್ಕವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಇಡುತ್ತೇವೆ. ರಸೀದಿ ಬರೆಸುವಾಗ ಯಾವ ನಿಧಿಗೆಂದು ದಯವಿಟ್ಟು ಹೇಳಿ.

ಹಣಕ್ಕಿಂತ ನಮಗೆ ಹೆಚ್ಚು ಬೇಕಾಗಿರುವುದು ನಿವೃತ್ತ ಶಿಕ್ಷಕ-ಶಿಕ್ಷಕಿಯರ ಸಮಯ. ಬದ್ರ್ ಯುದ್ಧದ ನಂತರ, ಬಿಡುಗಡೆಯ ಹಣ ಕೊಡಲಾಗದ ಅಕ್ಷರಸ್ಥ ಕೈದಿಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಪಡೆದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಕಲಿಸುವ ಕೆಲಸಕ್ಕೆ ಪ್ರವಾದಿ ಮುಹಮ್ಮದ್ (ಸ) ಅವರು ಕೊಟ್ಟ ಬೆಲೆ ಅದು.

ಮನೆಯವರಿಗೆ ಒಂದು ವಿನಂತಿ

ಮೊದಲ ಮೂರು ತಿಂಗಳು ಮಗಳು, ಸೊಸೆ ಅಥವಾ ಮಗ ಸೋತು ಮನೆಗೆ ಬರುವ ದಿನಗಳಿರುತ್ತವೆ. ಆಗ "ಬಿಟ್ಟುಬಿಡು, ಇಷ್ಟು ಸಂಬಳಕ್ಕೆ ಯಾಕೆ ಈ ಕಷ್ಟ" ಎನ್ನಬೇಡಿ. ಸಂಜೆ ಒಂದು ಗಂಟೆ ಮನೆಗೆಲಸದಿಂದ ಬಿಡುವು ಕೊಡಿ, ಮರುದಿನದ ಪಾಠಕ್ಕೆ ಅದು ಬೇಕು. "ಇವತ್ತು ಮಕ್ಕಳು ಏನು ಕಲಿತರು?" ಎಂದು ಕೇಳಿ. ತೀರಾ ಕಷ್ಟವಾದರೆ ರಾಜೀನಾಮೆಗೆ ಮೊದಲು ನಮಗೆ ತಿಳಿಸಿ.

ಸಭೆಯಲ್ಲಿ ಪ್ರಶ್ನೆ ಕೇಳಿದ ದಾನಿಗಳಿಗೆ ಈ ಬರಹವನ್ನು ಮೊದಲೇ ತೋರಿಸಿದೆವು. ಅವರು ಓದಿ, "ಆ ಹುಡುಗಿ ಮತ್ತೆ ಹೋಗುತ್ತಾಳಾ?" ಎಂದರು. ಭಾನುವಾರದ ಸಭೆಗೆ ಬರುತ್ತೇನೆಂದು ಅವಳು ಒಪ್ಪಿದ್ದಾಳೆ. ಉಳಿದದ್ದು ಇನ್‌ಶಾ ಅಲ್ಲಾಹ್.

ವಿದ್ಯಾರ್ಥಿವೇತನ ಪ್ರಕಟಣೆ: ಡಿ.ಇಎಲ್.ಇಡಿ. ಮತ್ತು ಬಿ.ಇಡಿ.

1. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪ್ರವೇಶ ಪಡೆದ, ಆರ್ಥಿಕವಾಗಿ ಹಿಂದುಳಿದ ಕುಟುಂಬದ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು. ಅರ್ಜಿ ನಮೂನೆ ಟ್ರಸ್ಟ್ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ.

2. ಅರ್ಜಿಯ ಜೊತೆ ಹಿಂದಿನ ಪರೀಕ್ಷೆಯ ಅಂಕಪಟ್ಟಿ, ಪ್ರವೇಶದ ರಸೀದಿ, ಆದಾಯ ಪ್ರಮಾಣಪತ್ರ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಬೇಕು.

3. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿರಿ. ಅರ್ಜಿ ತುಂಬಲು ಕಚೇರಿಯಲ್ಲಿ ನೆರವು ಕೊಡುತ್ತೇವೆ.

4. ಟಿ.ಇ.ಟಿ. ಪ್ರಮಾಣಪತ್ರಕ್ಕೆ ಹಿಂದೆ ಏಳು ವರ್ಷದ ಮಿತಿ ಇತ್ತು. 2021ರಲ್ಲಿ ಅದನ್ನು ಜೀವಿತಾವಧಿಗೆ ವಿಸ್ತರಿಸಲಾಗಿದೆ. ಈಗಾಗಲೇ ಪಾಸಾಗಿ ಮನೆಯಲ್ಲಿರುವವರು ಪ್ರಮಾಣಪತ್ರವನ್ನು ಜೋಪಾನವಾಗಿಟ್ಟು ನಮ್ಮನ್ನು ಕಾಣಿರಿ.

5. ವಿದ್ಯಾರ್ಥಿವೇತನ ಪಡೆದವರು ಕೆಲಸಕ್ಕೆ ಸೇರಿದ ವಾರದೊಳಗೆ ಶಾಲೆಯ ಹೆಸರು ಮತ್ತು ತರಗತಿ ತಿಳಿಸಬೇಕು. ಹಣ ವಾಪಸು ಕೇಳಲು ಅಲ್ಲ, ಜೊತೆಗೆ ಒಬ್ಬರನ್ನು ಕಳಿಸಲು.

ಶಿಕ್ಷಣ ಸಮಿತಿಯ ಪರವಾಗಿ